ಒಡ್ಡು ಒಡೆಯುವ ರೈತರು

ಪ್ರಶ್ನೆ: ನಮ್ಮದು ವಿಜಯಪುರ ಜಿಲ್ಲೆಯ ಎರೆಭೂಮಿ, ಅಂದರೆ ಕಪ್ಪು ಮಣ್ಣಿನ ಹೊಲ. ಜಲಾನಯನ ಕಾಮಗಾರಿಯಲ್ಲಿ ಹಾಕಿದ ಒಡ್ಡುಗಳನ್ನು ಕೆಲವೇ ವರ್ಷಗಳಲ್ಲಿ ರೈತರೇ ಒಡೆದು ಉತ್ತಿದ್ದಾರೆ. ಮಣ್ಣು ಹಳ್ಳ ಸೇರುವುದು ಕಣ್ಣಿಗೆ ಕಾಣುತ್ತಿದ್ದರೂ ಅವರಿಗೇಕೆ ತಿಳಿಯುವುದಿಲ್ಲ? ನನ್ನ ನಾಲ್ಕು ಎಕರೆಯಲ್ಲಿ ನಾನೇನು ಮಾಡಬಹುದು?

ಉತ್ತರ: ತಿಳಿಯುವುದಿಲ್ಲ ಎಂಬ ಮಾತನ್ನು ನಾನು ಒಪ್ಪಲಾರೆ. ನಿಮ್ಮ ಸೀಮೆಗೆ ಒಡ್ಡು ಹೊಸದಲ್ಲ. ಆಗ ನಿಮ್ಮ ಜಿಲ್ಲೆ ಸೇರಿದ್ದ ಮುಂಬಯಿ ಪ್ರಾಂತ್ಯದಲ್ಲಿ ಒಡ್ಡು ಹಾಕುವಂಥ ಜಮೀನು ಅಭಿವೃದ್ಧಿ ಯೋಜನೆಗಳ ಕಾಯ್ದೆ ಬಂದದ್ದೇ 1942ರಲ್ಲಿ. ತೊಡಕಿರುವುದು ಸಮಪಾತಳಿ ಒಡ್ಡಿನ ಗೆರೆಯಲ್ಲಿ. ಅದು ನೆಲದ ಮಟ್ಟವನ್ನು ನೋಡುತ್ತದೆಯೇ ಹೊರತು ಸರ್ವೆ ನಂಬರನ್ನಲ್ಲ. ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗ ಮೇಲಿನ ತೆಳು ಮಣ್ಣೂ ಕೆಳಗಿನ ಕಸುವಿನ ಮಣ್ಣೂ ಎಲ್ಲರಿಗೂ ಸಿಗಲೆಂದು ಹೊಲವನ್ನು ಇಳಿಜಾರಿನುದ್ದಕ್ಕೆ ಪಟ್ಟಿಪಟ್ಟಿಯಾಗಿ ಸೀಳುವುದುಂಟು. ಅಂಥ ಪಟ್ಟಿಯನ್ನು ಒಡ್ಡು ನಡುವೆ ಕತ್ತರಿಸಿದರೆ ಎತ್ತು ತಿರುಗಿಸುವುದೂ ಕಷ್ಟ. ಇನ್ನು ಎರೆಮಣ್ಣು ನೆನೆದ ಮೇಲೆ ನೀರನ್ನು ನಿಧಾನವಾಗಿ ಇಂಗಿಸುವುದರಿಂದ ಒಡ್ಡಿನ ಮೇಲ್ಬದಿಯಲ್ಲಿ ನೀರು ನಿಂತು ಬೆಳೆ ಕೊಳೆಯುತ್ತದೆ. ಬೇಸಿಗೆಯಲ್ಲಿ ಬಿರಿದ ಒಡ್ಡು ಮೊದಲ ದೊಡ್ಡ ಮಳೆಗೆ ಒಡೆದರೆ ಕೆಳಗಿನವನ ಹೊಲದಲ್ಲಿ ಕೊರಕಲು ಬೀಳುತ್ತದೆ. ಜಾಗ ಕಳೆದುಕೊಳ್ಳುವವನೊಬ್ಬ, ಲಾಭ ಪಡೆಯುವವನು ಇನ್ನೊಬ್ಬ ಎಂದಾದಾಗ ಯಾವ ತರಬೇತಿ ಶಿಬಿರವೂ ಒಡ್ಡನ್ನು ಉಳಿಸಲಾರದು.

ಆದ್ದರಿಂದ ನಿಮ್ಮ ಗಡಿಯೊಳಗೆ ನಿಲ್ಲುವ ಕೆಲಸದಿಂದ ಆರಂಭಿಸಿ. ಹಿಂಗಾರಿ ಜೋಳಕ್ಕೆ ಬಿಡುವ ಹೊಲದಲ್ಲಿ ಮುಂಗಾರಿನ ಆರಂಭಕ್ಕೇ ಚೌಕುಮಡಿ, ಅಂದರೆ ಸಣ್ಣ ಬದುಗಳಿಂದ ಸುತ್ತುವರಿದ ಚೌಕಾಕಾರದ ಮಡಿಗಳನ್ನು ಹಾಕಿರಿ. ಇಳಿಜಾರು ಹೆಚ್ಚಿದಷ್ಟೂ ಮಡಿ ಚಿಕ್ಕದಿರಬೇಕು. ಬಿದ್ದ ನೀರು ಬಿದ್ದಲ್ಲೇ ಇಂಗುತ್ತದೆ, ಬಿತ್ತನೆಯ ಹೊತ್ತಿಗೆ ಮಡಿಗಳನ್ನು ಹರಗಿ ಸಮ ಮಾಡಬಹುದು, ಒಂದು ಗುಂಟೆಯೂ ನಷ್ಟವಾಗುವುದಿಲ್ಲ. ಪಟ್ಟಿಯ ಅಗಲ ಅವಕಾಶ ಕೊಟ್ಟರೆ ಉಳುಮೆಯನ್ನೂ ಕೂರಿಗೆಯನ್ನೂ ಇಳಿಜಾರಿಗೆ ಅಡ್ಡಲಾಗಿ ನಡೆಸಿರಿ. ಗಡಿಬದುವನ್ನು ಬಲಪಡಿಸಿ ಲಾವಂಚ ನೆಡಬಹುದು: ಇದರ ಬೇರು ನೇರ ಕೆಳಗಿಳಿಯುವುದರಿಂದ ಪಕ್ಕದ ಬೆಳೆಗೆ ಪೈಪೋಟಿ ಕಡಿಮೆ, ಬಲಿತ ಎಲೆಗೆ ದನಗಳೂ ಅಷ್ಟಾಗಿ ಬಾಯಿ ಹಾಕುವುದಿಲ್ಲ. ಗುಂಡ್ಲುಪೇಟೆ ಕಡೆ ಹೊಲದ ಗಡಿಗೆ ಲಾವಂಚ ನೆಡುವ ರೂಢಿ ಬಹಳ ಹಳೆಯದು. ಅಲ್ಲಿ ಅದು ಗಡಿಯ ಗುರುತೂ ಆಗಿದ್ದರಿಂದಲೇ ಯಾವ ಯೋಜನೆಯ ಹಂಗಿಲ್ಲದೆ ಉಳಿದಿದೆ ಎಂಬುದು ನನ್ನ ಎಣಿಕೆ. ಹೆಚ್ಚುವರಿ ನೀರು ಹೊರಹೋಗಲು ಕಲ್ಲಿನ ಕೋಡಿ ಇಲ್ಲದೆ ಮಾತ್ರ ಬದು ಎತ್ತರಿಸಬೇಡಿ. ಕೋಡಿಯ ಜಾಗವನ್ನು ಕೆಳಹೊಲದವರೊಡನೆ ಕೂತು, ಮಳೆಗಾಲಕ್ಕೆ ಮೊದಲೇ ಗೊತ್ತುಪಡಿಸಿಕೊಳ್ಳಿ. ಜಗಳ ಹುಟ್ಟುವುದು ಅಲ್ಲೇ.

ಪ್ರಶ್ನೆ: ಲಾವಣಿಗೆ (ಗೇಣಿಗೆ) ಹಿಡಿದ ಹೊಲಕ್ಕೂ ಇಷ್ಟೆಲ್ಲ ಮಾಡಬೇಕೇ?

ಉತ್ತರ: ಎಲ್ಲವೂ ಬೇಡ. ಕರ್ನಾಟಕದಲ್ಲಿ 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಕೃಷಿಭೂಮಿಯನ್ನು ಗೇಣಿಗೆ ಕೊಡುವುದಕ್ಕೆ ಬಹುಮಟ್ಟಿಗೆ ನಿಷೇಧವಿರುವುದರಿಂದ ಲಾವಣಿಯ ಮಾತುಕತೆ ಸಾಮಾನ್ಯವಾಗಿ ಬಾಯಿಮಾತಿನಲ್ಲೇ ಮುಗಿಯುತ್ತದೆ. ಮುಂದಿನ ವರ್ಷ ಹೊಲ ಕೈಯಲ್ಲಿರುವ ಭರವಸೆಯಿಲ್ಲದವನು ಕಲ್ಲು ಹೊರಲೆಂದು ಬಯಸುವುದು ನ್ಯಾಯವಲ್ಲ. ಚೌಕುಮಡಿಯ ಫಲ ಅದೇ ಹಿಂಗಾರಿನ ಜೋಳದಲ್ಲಿ ಸಿಗುವುದರಿಂದ ಅದನ್ನು ನೀವು ಮಾಡಿ. ಬದು, ಕೋಡಿಗಳ ಖರ್ಚನ್ನು ಲಾವಣಿಯ ಹಣದಲ್ಲಿ ಮುರಿದುಕೊಳ್ಳಲು ಹೊಲದ ಒಡೆಯರನ್ನು ಮೊದಲೇ ಒಪ್ಪಿಸಿ.