ಮಾಳಿಗೆಯ ನಕ್ಷತ್ರ, ಮೈದುನನ ಮನಸ್ಸಾಕ್ಷಿ

ಪ್ರಶ್ನೆ: ನಾನು ಬೀದರ್ ಜಿಲ್ಲೆಯ ಒಂದು ಹಳ್ಳಿಯ ಮೆಥೋಡಿಸ್ಟ್ ಕ್ರೈಸ್ತ ಕುಟುಂಬದ ಹಿರಿಯ ಸೊಸೆ. ನನ್ನವರು ಲಾರಿ ಓಡಿಸುತ್ತಾರೆ, ತಿಂಗಳಿಗೊಮ್ಮೆ ಮನೆಗೆ ಬರುತ್ತಾರೆ. ಮನೆಯಲ್ಲಿ ಅತ್ತೆ, ನಾನು ಮತ್ತು ಒಂಬತ್ತು ವರ್ಷದ ಮಗಳು ಇದ್ದೇವೆ. ಮಾವ ಕಳೆದ ಏಪ್ರಿಲ್‌ನಲ್ಲಿ ತೀರಿಕೊಂಡರು. ಪ್ರತಿ ಡಿಸೆಂಬರಿನಲ್ಲಿ ಬಿದಿರು ಕಡ್ಡಿ, ಬಣ್ಣದ ಕಾಗದದಿಂದ ನಕ್ಷತ್ರ ಕಟ್ಟಿ ಮಾಳಿಗೆಯ ಮೇಲೆ ಏರಿಸುತ್ತಿದ್ದವರು ಅವರೇ. ಹೈದರಾಬಾದಿನಲ್ಲಿ ಕೆಲಸದಲ್ಲಿರುವ ಮೈದುನ ಅಲ್ಲಿಯ ಒಂದು ಪ್ರಾರ್ಥನಾ ಕೂಟಕ್ಕೆ ಸೇರಿದ್ದಾರೆ. ಡಿಸೆಂಬರ್ 25 ಸೂರ್ಯಪೂಜೆಯ ದಿನ, ಕ್ರಿಸ್ಮಸ್ ಸತ್ಯವೇದದಲ್ಲಿ (ಬೈಬಲಿನಲ್ಲಿ) ಇಲ್ಲ, ನಕ್ಷತ್ರ ಕಟ್ಟಿದರೆ ನಾನು ಮನೆಗೆ ಕಾಲಿಡುವುದಿಲ್ಲ ಎಂದು ಫೋನಿನಲ್ಲಿ ಹೇಳಿದ್ದಾರೆ. ಅಕ್ಕಪಕ್ಕದವರಿಗೆ ಕರ್ಚಿಕಾಯಿ ಕೊಡಬಾರದಂತೆ, ಎಳ್ಳಮಾಸೆಗೆ ಅವರು ಕಳಿಸುವ ಸಜ್ಜೆ ರೊಟ್ಟಿ, ಭಜ್ಜಿಯನ್ನೂ ಮುಟ್ಟಬಾರದಂತೆ. ಚರ್ಚಿನ ಕಾರ್ಯಕ್ರಮದಲ್ಲಿ ಮರಿಯಳ ಪಾತ್ರಕ್ಕೆ ತಯಾರಾಗುತ್ತಿರುವ ನನ್ನ ಮಗಳಿಗೆ, ‘ಇದೆಲ್ಲ ಸುಳ್ಳು’ ಎಂದರು. ನಕ್ಷತ್ರ ಇಲ್ಲದಿದ್ದರೆ ಹಬ್ಬದ ದಿನ ಊಟ ಮಾಡುವುದಿಲ್ಲವೆಂದು ಅತ್ತೆ ಕುಳಿತಿದ್ದಾರೆ. ನನ್ನವರನ್ನು ಕೇಳಿದರೆ, ‘ನೀನೇ ನೋಡಿಕೋ’ ಎನ್ನುತ್ತಾರೆ. ಯಾರ ಮಾತು ನಡೆಸಲಿ?

ಉತ್ತರ: ಸಹೋದರಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಓದಿನಲ್ಲಿ ಇದು ಹಬ್ಬದ ತಾರೀಖಿನ ಜಗಳವೆಂದು ಕಂಡಿತು. ಎರಡನೆಯ ಸಲ ಓದುವಾಗ ಮಾವನವರು ತೀರಿಕೊಂಡ ತಿಂಗಳಿನ ಮೇಲೆ ಕಣ್ಣು ನಿಂತಿತು. ಅಲ್ಲಿಗೆ ಆಮೇಲೆ ಬರುತ್ತೇನೆ. ಮೈದುನನವರು ಎತ್ತಿರುವ ಪ್ರಶ್ನೆಗಳನ್ನು ಬದಿಗೆ ಸರಿಸಿದರೆ ಅವರಿಗೆ ಅನ್ಯಾಯವಾಗುತ್ತದೆ, ನಿಮಗೂ ನೆಮ್ಮದಿ ಸಿಗುವುದಿಲ್ಲ. ಆದ್ದರಿಂದ ಮೊದಲು ಅವುಗಳನ್ನೇ ನೋಡೋಣ.

ಸತ್ಯವೇದದಲ್ಲಿ ಯೇಸುವಿನ ಜನನದ ದಿನವಾಗಲಿ ತಿಂಗಳಾಗಲಿ ಇಲ್ಲವೆಂಬ ಅವರ ಮಾತು ನಿಜ. ಮತ್ತಾಯನೂ ಲೂಕನೂ ಜನನದ ವೃತ್ತಾಂತವನ್ನು ಬರೆದಿದ್ದಾರೆ, ತಾರೀಖನ್ನು ಬರೆದಿಲ್ಲ. ಡಿಸೆಂಬರ್ 25ರ ಉಲ್ಲೇಖ ರೋಮಿನಲ್ಲಿ 354ರಲ್ಲಿ ಸಂಕಲನಗೊಂಡ ಒಂದು ಪಂಚಾಂಗದಲ್ಲಿ ಸಿಗುತ್ತದೆ, ಅದರಲ್ಲಿರುವ ಪಟ್ಟಿ 336ರ ಸುಮಾರಿನದೆಂದು ವಿದ್ವಾಂಸರು ಹೇಳುತ್ತಾರೆ. ಚಕ್ರವರ್ತಿ ಔರೇಲಿಯನ್ 274ರಲ್ಲಿ ಅಜೇಯ ಸೂರ್ಯನಿಗೆ ರೋಮಿನಲ್ಲಿ ದೇವಾಲಯ ಕಟ್ಟಿಸಿದ್ದನ್ನು ಮುಂದಿಟ್ಟು, ಆ ಸೂರ್ಯನ ಹಬ್ಬವನ್ನೇ ಕ್ರೈಸ್ತರು ತೆಗೆದುಕೊಂಡರೆನ್ನುವವರಿದ್ದಾರೆ. ಮರಿಯಳು ಗರ್ಭ ಧರಿಸಿದ ದಿನ ಮಾರ್ಚ್ 25 ಎಂದು ಆದಿಸಭೆಯಲ್ಲಿ ಕೆಲವರು ನಂಬಿದ್ದರಿಂದ, ಅಲ್ಲಿಂದ ಒಂಬತ್ತು ತಿಂಗಳು ಎಣಿಸಿ ಈ ದಿನಕ್ಕೆ ಬಂದರೆನ್ನುವವರೂ ಇದ್ದಾರೆ. ಈ ಎರಡರಲ್ಲಿ ಯಾವುದು ಸರಿಯೆಂಬುದು ಪಂಡಿತರ ನಡುವೆಯೇ ತೀರ್ಮಾನವಾಗಿಲ್ಲ. ಅರ್ಮೇನಿಯದ ಸಭೆ ಇಂದಿಗೂ ಜನವರಿ 6ರಂದು ಜನನವನ್ನು ಸ್ಮರಿಸುತ್ತದೆ, ರಷ್ಯಾದ ಸಭೆಯವರು ಹಳೆಯ ಕ್ಯಾಲೆಂಡರಿನ ಲೆಕ್ಕ ಹಿಡಿದು ಜನವರಿ 7ರಂದು ಆಚರಿಸುತ್ತಾರೆ, ಅವರಾರೂ ತಮ್ಮ ನಂಬಿಕೆಗೆ ಇದರಿಂದ ಕುಂದು ಬಂತೆಂದು ತಿಳಿದಿಲ್ಲ.

ಮೈದುನನವರ ನಿಲುವು ಹೊಸದೂ ಅಲ್ಲ, ಭಕ್ತಿಹೀನರದೂ ಅಲ್ಲ. ಇಂಗ್ಲೆಂಡಿನ ಪಾರ್ಲಿಮೆಂಟು 1647ರಲ್ಲಿ ಕ್ರಿಸ್ಮಸ್ಸನ್ನೇ ರದ್ದು ಮಾಡಿತ್ತು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಹಬ್ಬ ಆಚರಿಸಿದವರಿಗೆ 1659ರಿಂದ 1681ರವರೆಗೆ ದಂಡ ವಿಧಿಸುವ ಕಾನೂನಿತ್ತು. ಅವರೆಲ್ಲರೂ ಸತ್ಯವೇದವನ್ನು ಅಂಗೈಯಲ್ಲಿಟ್ಟುಕೊಂಡವರೇ. ಆದರೆ ಅದೇ ಇಂಗ್ಲೆಂಡಿನಲ್ಲಿ ಒಂದು ಶತಮಾನ ಕಳೆಯುವುದರೊಳಗೆ ಚಾರ್ಲ್ಸ್ ವೆಸ್ಲಿ ಕ್ರಿಸ್ಮಸ್ ಗೀತೆಗಳನ್ನು ಬರೆದರು, ಅವುಗಳಲ್ಲಿ 1739ರಲ್ಲಿ ಪ್ರಕಟವಾದ ಒಂದನ್ನು ಇಂದಿಗೂ ಲೋಕವೆಲ್ಲ ಹಾಡುತ್ತದೆ. ನಿಮ್ಮ ಅತ್ತೆಯವರು ಸೇರಿದ ಮೆಥೋಡಿಸ್ಟ್ ಪರಂಪರೆ ಈ ಚಾರ್ಲ್ಸ್ ಮತ್ತು ಅವರ ಅಣ್ಣ ಜಾನ್ ವೆಸ್ಲಿಯವರಿಂದ ಆರಂಭವಾದದ್ದು. ಆದ್ದರಿಂದ ಮಗನಿಗೆ ಹೇಗೆ ಹಿಂದೆ ಹಿರಿಯರಿದ್ದಾರೋ ತಾಯಿಗೂ ಹಾಗೆಯೇ ಇದ್ದಾರೆ.

ಸತ್ಯವೇದದಲ್ಲಿ ಪ್ರವಾದಿ ಯೆರೆಮೀಯನ ಗ್ರಂಥದ ಹತ್ತನೆಯ ಅಧ್ಯಾಯವನ್ನೂ ಅವರು ನಿಮಗೆ ವಾಟ್ಸಾಪ್‌ನಲ್ಲಿ ಕಳಿಸಿರಬಹುದು, ಈ ವಾದ ಮಾಡುವವರು ಸಾಮಾನ್ಯವಾಗಿ ಕಳಿಸುತ್ತಾರೆ. ಕಾಡಿನ ಮರ ಕಡಿದು, ಬೆಳ್ಳಿ ಬಂಗಾರದಿಂದ ಸಿಂಗರಿಸಿ, ಅಲುಗದಂತೆ ಮೊಳೆ ಹೊಡೆಯುವ ಮಾತು ಅಲ್ಲಿದೆ. ಅಧ್ಯಾಯವನ್ನು ಮುಂದಕ್ಕೂ ಓದಿದರೆ ಅದು ಮರದಿಂದ ಕೆತ್ತಿ ಪೂಜಿಸುವ ವಿಗ್ರಹದ ಕುರಿತ ಮಾತೆಂದು ತಿಳಿಯುತ್ತದೆ. ಕ್ರಿಸ್ಮಸ್ ಮರವೆಂಬುದು ಜರ್ಮನಿಯ ಕಡೆ ರೂಢಿಗೆ ಬಂದದ್ದೇ ಪ್ರವಾದಿಯ ಕಾಲದ ಎರಡು ಸಾವಿರ ವರ್ಷಗಳಾಚೆ. ಹಾಗೆಂದು ಮರವನ್ನು ಇಟ್ಟೇ ತೀರಬೇಕೆಂದು ನಾನು ಹೇಳುವುದಿಲ್ಲ. ಪ್ಲಾಸ್ಟಿಕ್ ಮರದ ಮೇಲೆ ನನಗೂ ಅಂಥ ಮಮತೆಯಿಲ್ಲ, ನಿಮ್ಮ ಪತ್ರದಲ್ಲಂತೂ ಅದರ ಸುದ್ದಿಯೇ ಇಲ್ಲ. ಮನೆಯಲ್ಲಿ ಅಂಥದೊಂದು ಇದ್ದರೆ ಈ ವರ್ಷ ಡಬ್ಬಿಯಲ್ಲಿಯೇ ಇರಲಿ, ಮೈದುನನವರಿಗಾಗಿ ಅಷ್ಟು ಬಿಟ್ಟುಕೊಡುವುದು ಯಾರಿಗೂ ಭಾರವಾಗದು.

ಮೋಶೆಯ ಧರ್ಮಶಾಸ್ತ್ರ ವಿಧಿಸದ ಹಬ್ಬದ ಬಗ್ಗೆ ಸುವಾರ್ತೆಯಲ್ಲಿ ಒಂದು ಪ್ರಸಂಗವಿದೆ, ಇದನ್ನು ಅವರ ಮುಂದೆ ಮೃದುವಾಗಿ ಇಡಬಹುದು. ಯೋಹಾನನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಪ್ರತಿಷ್ಠೆಯ ಹಬ್ಬ ನಡೆಯುತ್ತಿರುತ್ತದೆ, ಚಳಿಗಾಲ, ಯೇಸು ದೇವಾಲಯದಲ್ಲಿ ತಿರುಗಾಡುತ್ತಿರುತ್ತಾನೆ. ಆ ಹಬ್ಬ ಮೋಶೆ ಕೊಟ್ಟದ್ದಲ್ಲ, ಯೇಸುವಿಗಿಂತ ಸುಮಾರು 160 ವರ್ಷ ಹಿಂದೆ, ಅಪವಿತ್ರಗೊಂಡಿದ್ದ ದೇವಾಲಯವನ್ನು ಶುದ್ಧಪಡಿಸಿದ ನೆನಪಿಗೆ ಯೆಹೂದ್ಯರು ತಾವೇ ಆರಂಭಿಸಿದ್ದು. ಆ ಹಬ್ಬವನ್ನು ಖಂಡಿಸುವ ಒಂದು ಮಾತೂ ಅಲ್ಲಿ ಅವನ ಬಾಯಿಂದ ಬರುವುದಿಲ್ಲ. ಇದರಿಂದ ಡಿಸೆಂಬರ್ 25 ಸಿದ್ಧವಾಗುವುದಿಲ್ಲ. ‘ಸತ್ಯವೇದ ವಿಧಿಸಿಲ್ಲ’ ಎಂಬ ಒಂದೇ ಕಾರಣಕ್ಕೆ ಹಬ್ಬವೊಂದು ಪಾಪವಾಗುವುದಿಲ್ಲ ಎಂಬುದಷ್ಟೇ ಇದರಿಂದ ಹೊರಡುವ ಅರ್ಥ.

ಇಷ್ಟೆಲ್ಲ ಬರೆದರೂ, ಈ ವಾದವನ್ನು ನೀವು ಗೆಲ್ಲಬೇಕೆಂದು ನನ್ನ ಸಲಹೆಯಲ್ಲ. ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಹದಿನಾಲ್ಕನೆಯ ಅಧ್ಯಾಯವನ್ನು ತೆಗೆದು ನೋಡಿ. ಒಬ್ಬನು ಒಂದು ದಿನವನ್ನು ವಿಶೇಷವೆಂದು ಎಣಿಸುತ್ತಾನೆ, ಇನ್ನೊಬ್ಬನು ಎಲ್ಲ ದಿನಗಳನ್ನೂ ಸಮನಾಗಿ ಎಣಿಸುತ್ತಾನೆ, ಇಬ್ಬರೂ ತಮ್ಮ ತಮ್ಮ ಮನಸ್ಸಿನಲ್ಲಿ ನಿಶ್ಚಯವುಳ್ಳವರಾಗಿರಲಿ ಎನ್ನುವ ಅರ್ಥದ ಮಾತು ಅಲ್ಲಿದೆ. ಇದು ಮೈದುನನವರಿಗೆ ಹಬ್ಬ ಮಾಡದಿರುವ ಸ್ವಾತಂತ್ರ್ಯವನ್ನು ಪೂರ್ತಿಯಾಗಿ ಕೊಡುತ್ತದೆ, ಅದನ್ನು ಅತ್ತೆಯವರು ಒಪ್ಪಬೇಕು. ಹಾಗೆಯೇ ಹಬ್ಬ ಮಾಡುವ ತಾಯಿಯ ಮೇಲೆ ತೀರ್ಪು ಕೊಡುವ ಅಧಿಕಾರವನ್ನು ಮಗನಿಗೆ ಕೊಡುವುದಿಲ್ಲ. ಸಹೋದರನಿಗೆ ಎಡವುಗಲ್ಲಾಗಬೇಡಿರೆಂಬ ಮಾತೂ ಅದೇ ಅಧ್ಯಾಯದಲ್ಲಿದೆಯಲ್ಲ ಎಂದು ಅವರು ಕೇಳಬಹುದು. ತನ್ನ ಮನಸ್ಸಾಕ್ಷಿಗೆ ವಿರುದ್ಧವಾದುದನ್ನು ಮಾಡುವಂತೆ ಒಬ್ಬನನ್ನು ಎಳೆದರೆ ಅವನು ಎಡವುತ್ತಾನೆ. ನಕ್ಷತ್ರ ಕಟ್ಟು ಎಂದು ಅವರನ್ನು ಯಾರೂ ಕರೆದಿಲ್ಲ. ಇನ್ನೊಬ್ಬರು ಮಾಡುವುದು ತನಗೆ ಹಿಡಿಸದಿರುವುದನ್ನು ಎಡವುವುದೆಂದು ಕರೆಯಲಾಗದು.

ನೆರೆಹೊರೆಯವರ ತಟ್ಟೆಯ ವಿಷಯದಲ್ಲಿ ನನ್ನ ಮನಸ್ಸು ಹೆಚ್ಚು ಹೊತ್ತು ನಿಂತಿತು. ನಾನೂ ಈ ಭಾಗದ ಕ್ರೈಸ್ತ ಮನೆಯಲ್ಲಿಯೇ ಬೆಳೆದವಳು. ತೊಗರಿ ರಾಶಿಯ ದಿನಗಳಲ್ಲಿ ಎಳ್ಳಮಾಸೆ ಕ್ರಿಸ್ಮಸ್ಸಿಗೆ ಒಂದೆರಡು ವಾರ ಹಿಂದೆಯೋ ಮುಂದೆಯೋ ಬರುತ್ತದೆ, ಹೊಲದಿಂದ ಮರಳಿದ ಮನೆಯವರು ಒಂದು ಬುಟ್ಟಿಯನ್ನು ನಮ್ಮ ಬಾಗಿಲಿಗೂ ತರುತ್ತಾರೆ, ರಮಜಾನ್ ಮುಗಿದ ದಿನ ಇನ್ನೊಂದು ಮನೆಯಿಂದ ಶೀರ್ ಖುರ್ಮಾ ಬರುತ್ತದೆ. ಬಂದ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದೆಂಬುದು ನಮ್ಮ ಊರುಗಳಲ್ಲಿ ಎಲ್ಲ ಧರ್ಮದವರೂ ಪಾಲಿಸುವ ನಿಯಮ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಹತ್ತನೆಯ ಅಧ್ಯಾಯದಲ್ಲಿ ಪೌಲನು, ನಂಬದವರ ಮನೆಯಲ್ಲಿ ಊಟಕ್ಕೆ ಹೋದರೆ ಬಡಿಸಿದ್ದನ್ನು ವಿಚಾರಣೆ ಮಾಡದೆ ತಿನ್ನಿರಿ ಎನ್ನುತ್ತಾನೆ. ಇದು ನೈವೇದ್ಯಕ್ಕಿಟ್ಟದ್ದೆಂದು ಯಾರಾದರೂ ಹೇಳಿದರೆ ಮಾತ್ರ ಹೇಳಿದವನ ಸಲುವಾಗಿ ತಿನ್ನಬೇಡಿರಿ ಎಂದೂ ಸೇರಿಸುತ್ತಾನೆ. ಆದ್ದರಿಂದ ಮೈದುನನವರು ತಾವು ತಿನ್ನದಿದ್ದರೆ ಅವರಿಗೆ ಆಧಾರವಿಲ್ಲವೆನ್ನಲಾಗದು. ಆದರೆ ಕರ್ಚಿಕಾಯಿಯನ್ನು ಹೊರಗೆ ಕೊಡಬಾರದೆಂಬುದಕ್ಕೆ ಯಾವ ಪತ್ರಿಕೆಯಲ್ಲೂ ಆಧಾರ ಕಾಣುವುದಿಲ್ಲ. ಹಬ್ಬದ ಸಿಹಿ ಹೊರದೇಶದ್ದೆಂದು ಯಾರಾದರೂ ಹೇಳಿದರೆ ಅದೂ ನಿಲ್ಲದು: ನಿಜಾಮರ ಆಳ್ವಿಕೆಯಲ್ಲಿ ಬೀದರ್ ಸೀಮೆಗೆ ಬಂದ ಅಮೆರಿಕದ ಮೆಥೋಡಿಸ್ಟ್ ಮಿಷನರಿಗಳು ತಂದದ್ದು ಸುವಾರ್ತೆ, ಕರ್ಚಿಕಾಯಿ ನಮ್ಮ ಅಜ್ಜಿಯರದು. ಲೂಕನ ಕನ್ನಡ ಸುವಾರ್ತೆಯಲ್ಲಿ ಕೂಸನ್ನು ಮಲಗಿಸಿದ ಗೋದಲಿಯೂ ನಮ್ಮ ದನದ ಕೊಟ್ಟಿಗೆಯಲ್ಲಿ ಕಣಿಕೆ ಹಾಕುವ ಗ್ವಾದಲಿಯೇ ಅಲ್ಲವೇ? ನಿಮ್ಮ ಅತ್ತೆಯವರಿಗೆ ಬೆತ್ಲೆಹೇಮ್ ದೂರದ ಊರಾಗಿ ತೋರದಿರುವುದು ಇಂಥವುಗಳಿಂದಲೇ.

ಈಗ ಮಾವನವರ ಮಾತಿಗೆ ಬರುತ್ತೇನೆ. ಇದು ಅವರಿಲ್ಲದ ಮೊದಲ ಕ್ರಿಸ್ಮಸ್. ಮೈದುನನವರು ಹೈದರಾಬಾದಿನ ಕೂಟಕ್ಕೆ ಯಾವಾಗ ಸೇರಿದರೆಂದು ನೀವು ಬರೆದಿಲ್ಲ, ಆದರೆ ಕಳೆದ ವರ್ಷದವರೆಗೂ ತಂದೆಯ ನಕ್ಷತ್ರಕ್ಕೆ ಅವರು ಆಕ್ಷೇಪಿಸಿದ್ದಾಗಿಯೂ ಎಲ್ಲೂ ಬರೆದಿಲ್ಲ. ಏಪ್ರಿಲ್‌ನ ನಂತರವೇ ಸೇರಿದ್ದಾದರೆ, ತಂದೆಯನ್ನು ಮಣ್ಣು ಮಾಡಿ ಒಬ್ಬರೇ ಹೈದರಾಬಾದಿನ ಕೋಣೆಗೆ ಮರಳಿದ ಮನುಷ್ಯನಿಗೆ ಆ ಕೂಟದವರು ಆಸರೆಯಾಗಿರಬಹುದು. ಆಸರೆ ಕೊಟ್ಟವರ ಮಾತು ಎಲ್ಲದರಲ್ಲೂ ಸರಿಯೆಂದು ತೋರುವುದು ಸಹಜ. ಇತ್ತ ಅತ್ತೆಯವರು ಊಟ ಬಿಡುತ್ತೇನೆನ್ನುವುದು ಕಾಗದದ ನಕ್ಷತ್ರಕ್ಕಾಗಿ ಇರಲಾರದು. ಅದನ್ನು ಕಟ್ಟುತ್ತಿದ್ದ ಕೈಗಳಿಗಾಗಿ ಇರಬೇಕು. ದುಃಖದ ವರ್ಷದಲ್ಲಿ ಒಲೆಯ ಮೇಲೆ ಬಾಣಲೆ ಇಡಬಾರದೆಂದು ಸಂಬಂಧಿಕರಲ್ಲಿ ಯಾರಾದರೂ ಹೇಳಿದರೆ, ಸಭೆಯಲ್ಲಿ ಅಂಥ ನಿಯಮವಿಲ್ಲವೆಂದು ಹೇಳಿ ಮುಗಿಸಿ. ವಿಧವೆಯಾದ ಅವರೇ ಹಬ್ಬ ಬೇಕೆಂದಿರುವಾಗ ಬೇರೆಯವರ ಅಪ್ಪಣೆ ಬೇಕಿಲ್ಲ.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಹೀಗಿದೆ. ನಕ್ಷತ್ರ ಏರಲಿ. ಆ ಮನೆಯಲ್ಲಿ ವರ್ಷವಿಡೀ ಇರುವವರು ಅತ್ತೆಯವರು, ಎರಡು ದಿನಕ್ಕೆ ಬರುವ ಮಗನ ಮನಸ್ಸಾಕ್ಷಿಗಾಗಿ ಅವರ ಮಾಳಿಗೆಯನ್ನು ಕತ್ತಲೆ ಮಾಡುವುದು ನ್ಯಾಯವಲ್ಲ. ಆದರೆ ಈ ಮಾತನ್ನು ಮೈದುನನವರಿಗೆ ಹೇಳಬೇಕಾದವರು ನೀವಲ್ಲ, ನಿಮ್ಮ ಯಜಮಾನರು. ‘ನೀನೇ ನೋಡಿಕೋ’ ಎಂಬ ಮಾತು ಸೊಸೆಯ ಮೇಲೆ ವಿಶ್ವಾಸವಿಟ್ಟ ಹಾಗೆ ಕೇಳಿಸುತ್ತದೆ, ಆದರೆ ನಾಳೆ ಅಣ್ಣತಮ್ಮಂದಿರು ಒಂದಾದಾಗ ಕೆಟ್ಟವರಾಗಿ ಉಳಿಯುವವರು ನೀವೊಬ್ಬರೇ. ಲಾರಿ ಧಾಬಾದಲ್ಲಿ ನಿಂತಿರುವಾಗ ತಮ್ಮನಿಗೆ ಹತ್ತು ನಿಮಿಷ ಫೋನ್ ಮಾಡುವುದು ಕಷ್ಟವಲ್ಲವೆಂದು ಅವರಿಗೆ ಹೇಳಿ. ಸತ್ಯವೇದದ ವಾದ ಬೇಡ. ಅವ್ವ ಈ ವರ್ಷ ಅಪ್ಪನಿಲ್ಲದೆ ಹಬ್ಬ ಮಾಡುತ್ತಿದ್ದಾಳೆ, ನೀನು ಬಾ, ನಿನಗೆ ಬೇಡವಾದದ್ದನ್ನು ಯಾರೂ ನಿನ್ನಿಂದ ಮಾಡಿಸುವುದಿಲ್ಲ ಎಂದಷ್ಟು ಹೇಳಿದರೆ ಸಾಕು. ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದ ನಾಲ್ಕನೆಯ ಭಾನುವಾರದವರೆಗೆ ಕಾಯದೆ, ಈ ವಾರವೇ ಹೇಳಲಿ.

ಅವರು ಬಂದರೆ, 24ರ ರಾತ್ರಿಯ ಕುಟುಂಬ ಪ್ರಾರ್ಥನೆಯನ್ನು ಅವರಿಗೇ ಒಪ್ಪಿಸಿ. ಮಾವನವರು ಓದುತ್ತಿದ್ದ ಜಾಗದಲ್ಲಿ ಕುಳಿತು ಲೂಕನ ಎರಡನೆಯ ಅಧ್ಯಾಯ ಓದಲಿ. ಅವರ ತಕರಾರು ಹಬ್ಬದ ಮೇಲಿದೆ, ದೇವಕುಮಾರನು ಹುಟ್ಟಿದ್ದರ ಮೇಲೆ ಇಲ್ಲವಲ್ಲ. ಚರ್ಚಿನ ಆರಾಧನೆಗೆ ಬರುವುದು ಬಿಡುವುದು ಅವರಿಗೆ ಬಿಟ್ಟದ್ದು, ಬೆಳಿಗ್ಗೆ ನೀವು ಹೊರಟಾಗ ಅವರು ಮನೆಯಲ್ಲಿಯೇ ಉಳಿದರೆ ಯಾರೂ ಮುಖ ಗಂಟಿಕ್ಕಬಾರದು. ಇದನ್ನು ಅತ್ತೆಯವರಿಂದ ಮೊದಲೇ ಒಪ್ಪಿಸಿಕೊಳ್ಳಿ. ಊಟ ಬಿಡುತ್ತೇನೆಂಬ ಹಟವನ್ನೂ ಅವರು ಕೈಬಿಡಬೇಕು, ಮಗನ ಬೆದರಿಕೆ ತಪ್ಪಾದರೆ ತಾಯಿಯ ಬೆದರಿಕೆಯೂ ತಪ್ಪೇ.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಒಂಬತ್ತು ವರ್ಷದ ಮಗುವಿಗೆ, ‘ಇದೆಲ್ಲ ಸುಳ್ಳು’ ಎನ್ನುವ ಹಕ್ಕು ಕಾಕಾನಿಗಿಲ್ಲ. ದೊಡ್ಡವರೊಡನೆ ಎಷ್ಟು ಬೇಕಾದರೂ ವಾದ ಮಾಡಲಿ, ಮಗುವಿನ ಕಿವಿಯಲ್ಲಿ ಬೇಡವೆಂದು ತಾಯಿಯಾಗಿ ನೀವೇ ಹೇಳಿ, ಇದನ್ನು ಯಜಮಾನರಿಗೆ ಬಿಡಬೇಡಿ. ಮಗಳು ಕೇಳಿದರೆ, ಯೇಸು ಹುಟ್ಟಿದ ತಾರೀಖು ಯಾರಿಗೂ ಗೊತ್ತಿಲ್ಲ, ಹುಟ್ಟಿದ್ದಕ್ಕಾಗಿ ಸಂತೋಷಪಡಲು ನಾವು ಒಂದು ದಿನವನ್ನು ಇಟ್ಟುಕೊಂಡಿದ್ದೇವೆ ಎನ್ನಿ. ಅವಳು ಮರಿಯಳ ಪಾತ್ರ ಮಾಡಲಿ.

ನಕ್ಷತ್ರದ ಹಳೆಯ ಚೌಕಟ್ಟು ಅಟ್ಟದ ಮೇಲಿದ್ದರೆ ಇಳಿಸಿ ನೋಡಿ. ಬಿದಿರು ಗಟ್ಟಿಯಾಗಿದ್ದರೆ ಕಾಗದವನ್ನಷ್ಟೇ ಬದಲಿಸಿದರೆ ಸಾಕು, ಆ ಕೆಲಸವನ್ನು ಮಗಳು ಮತ್ತು ಅಜ್ಜಿ ಸೇರಿ ಮಾಡಲಿ. ಒಳಗಿನ ವೈರು ವರ್ಷದಲ್ಲಿ ಇಲಿ ಕಡಿದಿರಬಹುದು, ಬಲ್ಬು ಹಚ್ಚುವ ಮೊದಲು ಯಾರಿಗಾದರೂ ತೋರಿಸಿ. ಕರ್ಚಿಕಾಯಿಗೆ ಹಸಿ ತೆಂಗಿನಕಾಯಿ ಹಾಕದೆ ಒಣ ಕೊಬ್ಬರಿ, ಪುಠಾಣಿ, ಸಕ್ಕರೆಯ ಹೂರಣವನ್ನೇ ತುಂಬಿ. ಮೈದುನನವರು 25ಕ್ಕೆ ಬಾರದೆ ಹೋದರೂ ಅವರ ಪಾಲನ್ನು ಒಂದು ಡಬ್ಬಿಯಲ್ಲಿ ತೆಗೆದಿಡಿ, ಅವರು ಮನಸ್ಸು ಬದಲಿಸಿ ಹೊಸ ವರ್ಷದ ಆರಾಧನೆಗೆ ಬಂದರೆ ಅಷ್ಟು ದಿನ ಅದು ಕೆಡುವುದಿಲ್ಲ.