ಹಳೇ ಮಾರುತಿ 800ರಲ್ಲಿ ಆಟೋಕ್ರಾಸ್: ಎಂಜಿನ್ ಬದಲಿಸಬೇಕಾ?

ಪ್ರಶ್ನೆ: ಸರ್, ನಮ್ಮ ಮನೆಯಲ್ಲಿ ಹಳೇ ಮಾರುತಿ 800 ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಷನ್ ಇರೋದು) ಇದೆ. ಅಪ್ಪ ಹೊಸ ಕಾರು ತಗೊಂಡ ಮೇಲೆ ಶೆಡ್‌ನಲ್ಲೇ ನಿಂತಿದೆ. ಕೊಡಗಿನಲ್ಲಿ ಕೊಯ್ಲು ಮುಗಿದ ಗದ್ದೆಗಳಲ್ಲಿ ನಡೆಯುವ ಆಟೋಕ್ರಾಸ್ ನೋಡಿದಾಗಿನಿಂದ ನನಗೂ ಓಡಿಸುವ ಆಸೆ. ಮಾರುತಿ ಎಸ್ಟೀಮ್ ಕಾರಿನ 1.3 ಲೀಟರ್ ಎಂಜಿನ್ ಕೂರಿಸದೆ ಹೋಗಬೇಡಿ ಅಂತ ಗ್ಯಾರೇಜಿನವರು ಹೇಳುತ್ತಿದ್ದಾರೆ. ನನ್ನ ಹತ್ತಿರ ಇರೋದು 70 ಸಾವಿರ ರೂಪಾಯಿ. ಏನು ಮಾಡಲಿ?
– ಹಾಸನದ ಓದುಗರು

ಉತ್ತರ: ಎಂಜಿನ್ ಮುಟ್ಟಬೇಡಿ. ಮೊದಲ ಸೀಸನ್‌ನಲ್ಲಂತೂ ಬೇಡವೇ ಬೇಡ.

ಆಟೋಕ್ರಾಸ್ ಅಂದರೆ ಗಡಿಯಾರದ ಜೊತೆ ಓಟ. ಮಣ್ಣಿನ ಟ್ರ್ಯಾಕ್, ಒಂದು ಸಲಕ್ಕೆ ಒಂದೇ ಕಾರು, ಕೆಲವು ಕಡೆ ಅಕ್ಕಪಕ್ಕದ ಎರಡು ದಾರಿಯಲ್ಲಿ ಎರಡು ಕಾರು. ತಿರುವಿನ ಮೇಲೆ ತಿರುವು, ಮಧ್ಯೆ ಒಂದೆರಡು ಹೇರ್‌ಪಿನ್, ಅಂದರೆ ಬಂದ ಕಡೆಗೇ ತಿರುಗಿಸುವ ಯು ಆಕಾರದ ತಿರುವು. ಉದ್ದನೆಯ ನೇರ ದಾರಿ ಸಿಗೋದೇ ಕಡಿಮೆ, ಹೆಚ್ಚಿನ ಹೊತ್ತು ಎರಡನೇ ಗೇರಿನಲ್ಲೇ ಇರುತ್ತೀರಿ. ನಿಮ್ಮದು ನಾಲ್ಕು ಗೇರಿನ ಕಾರಾದರೆ 37 ಎಚ್‌ಪಿ, 12 ವಾಲ್ವ್‌ನ ಐದು ಗೇರಿನದಾದರೆ 45. ಕಡಿಮೆ ಅನ್ನಿಸಬಹುದು, ಆದರೆ ಕಾರಿನ ತೂಕ ಸುಮಾರು 650 ಕಿಲೋ ಅಷ್ಟೇ ಅಲ್ವಾ? ಸಡಿಲ ಮಣ್ಣಿನಲ್ಲಿ ಹೇರ್‌ಪಿನ್ನಿಂದ ಹೊರಗೆ ಬರುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿ ನೋಡಿ, ಒಳಗಿನ ಮುಂದಿನ ಚಕ್ರ ಸುಮ್ನೆ ತಿರುಗುತ್ತದೆ, ಕಾರು ಮುಂದೆ ಹೋಗೋದಿಲ್ಲ. ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಮಾಮೂಲಿ ಡಿಫರೆನ್ಷಿಯಲ್ ಆ ಶಕ್ತಿಯನ್ನು ಹಿಡಿತ ಇಲ್ಲದ ಚಕ್ರದ ಕಡೆಗೇ ಹರಿಯಲು ಬಿಡುತ್ತದೆ. ಇರುವ ಶಕ್ತಿಯನ್ನೇ ನೆಲಕ್ಕೆ ಇಳಿಸಲು ಆಗದ ಕಾರಿಗೆ ಅದರ ಎರಡು ಪಟ್ಟು ಶಕ್ತಿ ಕೊಟ್ಟರೆ ಧೂಳು ಜಾಸ್ತಿ ಆಗುತ್ತದೆ, ಟೈಮ್ ಕಡಿಮೆ ಆಗೋದಿಲ್ಲ.

ಇನ್ನು ತೂಕದ ವಿಷಯ. ಮೂರು ಸಿಲಿಂಡರಿನ 796 ಸಿಸಿ ಎಂಜಿನ್ ತೆಗೆದು ನಾಲ್ಕು ಸಿಲಿಂಡರಿನ 1298 ಸಿಸಿ ಕೂರಿಸಿದರೆ ಕಾರಿನ ಮೂತಿ ಭಾರ ಆಗುತ್ತದೆ, ತಿರುವಿನಲ್ಲಿ ಇನ್ನಷ್ಟು ಹಟ ಮಾಡುತ್ತದೆ. ಖರ್ಚು ಎಂಜಿನ್‌ಗೇ ಮುಗಿಯೋದೂ ಇಲ್ಲ. ಗೇರ್‌ಬಾಕ್ಸ್, ಆಕ್ಸಲ್, ಮೌಂಟಿಂಗ್, ರೇಡಿಯೇಟರ್, ವೈರಿಂಗ್, ಇಸಿಯು (ಎಂಜಿನ್ನಿನ ಕಂಪ್ಯೂಟರ್) ಎಲ್ಲವೂ ಹಿಂದಿಂದೆ ಬರುತ್ತವೆ, ಕೊನೆಗೆ ಬ್ರೇಕ್‌ಗೆ ದುಡ್ಡೇ ಉಳಿದಿರೋದಿಲ್ಲ. ಜೊತೆಗೆ ನಿಮ್ಮ ಕ್ಲಾಸ್ ಬದಲಾಗುತ್ತದೆ. ಸಾಮಾನ್ಯವಾಗಿ ಸಿಸಿ ನೋಡಿ ವಿಭಾಗ ಮಾಡುತ್ತಾರೆ, ಸಣ್ಣ ಕಾರುಗಳಿಗೆ ಸಣ್ಣ ಕಾರುಗಳದೇ ಪೈಪೋಟಿ. 1.3 ಕೂರಿಸಿದ ದಿನದಿಂದ ವರ್ಷಗಟ್ಟಲೆ ರ‍್ಯಾಲಿ ಓಡಿಸಿದವರು ತಂದ ಎಸ್ಟೀಮ್‌ಗಳ ಜೊತೆ ನಿಲ್ಲಬೇಕಾಗುತ್ತದೆ.

ಹಾಗಾದರೆ 70 ಸಾವಿರ ಎಲ್ಲಿ ಹಾಕೋದು? ಮೊದಲು ಗಟ್ಟಿ ಸಂಪ್ ಗಾರ್ಡ್, ಅಂದರೆ ಎಂಜಿನ್ ಕೆಳಗಿನ ಆಯಿಲ್ ತೊಟ್ಟಿಯನ್ನು (ಸಂಪ್) ಕಾಯುವ ತಟ್ಟೆ. ಗದ್ದೆಯ ಬದು, ಒಣಗಿದ ಮಣ್ಣಿನ ಹೆಂಟೆ, ಅಡಗಿರುವ ಕಲ್ಲು, ಯಾವುದು ತಗುಲಿದರೂ ಸಂಪ್ ಒಡೆದು ಆಯಿಲ್ ಸೋರುತ್ತದೆ, ಅಲ್ಲಿಗೆ ಎಂಜಿನ್ ಕಥೆ ಮುಗೀತು. ಆಮೇಲೆ ನಾಲ್ಕೂ ಶಾಕ್ ಅಬ್ಸಾರ್ಬರ್, ಸಸ್ಪೆನ್ಷನ್ ಬುಷ್‌ಗಳು, ಬಾಲ್ ಜಾಯಿಂಟ್, ಎಂಜಿನ್ ಮೌಂಟಿಂಗ್ ಹೊಸದು ಹಾಕಿಸಿ. ಶೆಡ್‌ನಲ್ಲಿ ನಿಂತ ಕಾರಿನ ರಬ್ಬರ್ ಒಣಗಿ ಬಿರುಕು ಬಿಟ್ಟಿರುತ್ತದೆ, ನೋಡೋಕೆ ಚೆನ್ನಾಗಿದ್ದರೂ ನಂಬಬೇಡಿ. ಮುಂದಿನ ಬ್ರೇಕ್ ಪ್ಯಾಡ್, ಹಿಂದಿನ ಲೈನರ್, ಬ್ರೇಕ್ ಆಯಿಲ್ ಬದಲಿಸಿ, ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿ ಮಾಡಿಸಿ.

ಟೈರ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ಇಲ್ಲೇ ಹೆಚ್ಚಿನವರು ದುಡ್ಡು ಕಳೆಯೋದು. 800ಕ್ಕೆ ಝೆನ್‌ನ 13 ಇಂಚಿನ ರಿಮ್ ಹಾಕೋದು ಹಳೇ ರೂಢಿ. ನೋಡಲು ಚಂದ, ನೆಲದಿಂದ ಎತ್ತರವೂ ಸ್ವಲ್ಪ ಸಿಗುತ್ತದೆ. ಆದರೆ 145/70 ಆರ್12 ಟೈರಿನ ಅಡ್ಡಳತೆ ಸುಮಾರು 508 ಮಿಲಿಮೀಟರ್, ಅದೇ ಅಗಲದ 13 ಇಂಚಿನದು ಸುಮಾರು 533. ಅಂದರೆ ಎಲ್ಲ ಗೇರುಗಳೂ 5% ಉದ್ದ ಆದಂತೆ, ಪಿಕಪ್ ಅಷ್ಟು ಸತ್ತಂತೆ. ಮಣ್ಣಿಗೆ ಬೇಕಾದ ದಪ್ಪ ಬಟನ್ ಟೈರ್ 13ರಲ್ಲೇ ಸಿಕ್ಕರೆ ಹಾಕಿ, ಹಿಡಿತದಿಂದ ಆ ನಷ್ಟ ತುಂಬಿಕೊಳ್ಳಬಹುದು. ಚಂದಕ್ಕೆ ಅಂತ ಬೇಡ. ಅಗಲ ಟೈರ್ ಅಂತೂ ಬೇಡವೇ ಬೇಡ. ಸಡಿಲ ಮಣ್ಣಿನಲ್ಲಿ ಅಗಲದ್ದು ಮೇಲೆ ತೇಲುತ್ತದೆ, ಕಿರಿದಾದದ್ದು ಪುಡಿ ಮಣ್ಣನ್ನು ಸೀಳಿ ಕೆಳಗಿನ ಗಟ್ಟಿ ನೆಲ ಹಿಡಿಯುತ್ತದೆ.

ಪುಕ್ಕಟೆ ಸಿಗುವ ಲಾಭ ತೂಕ ಇಳಿಸೋದು. ನಿಮ್ಮ ಕ್ಲಾಸಿನ ನಿಯಮ ಒಪ್ಪಿದರೆ ಹಿಂದಿನ ಸೀಟ್, ಕಾರ್ಪೆಟ್, ಸ್ಟೆಪ್ನಿ, ಜ್ಯಾಕ್ ತೆಗೆದಿಡಿ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಬಾನೆಟ್ ಒಳಗೆ ತೆರೆದ ಕೋನ್ ಏರ್ ಫಿಲ್ಟರ್ ಹಾಕಬೇಡಿ. ಆ ಧೂಳಿನಲ್ಲಿ ಸಣ್ಣ ಪುಡಿ ಒಳಗೆ ಹೋದರೆ ಪಿಸ್ಟನ್ ರಿಂಗ್, ಬೋರ್ ಎರಡೂ ಸವೆದುಹೋಗುತ್ತವೆ. ಕಂಪನಿಯ ಫಿಲ್ಟರ್ ಬಾಕ್ಸ್, ಹೊಸ ಪೇಪರ್ ಫಿಲ್ಟರ್, ಸಾಕು.

ಪ್ರಶ್ನೆ: ಆಲ್ಟೊದಲ್ಲಿ ಒಂದು ಸಲ ಓಡಿಸಿದೆ. ಹೇರ್‌ಪಿನ್‌ನಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೂ ಕಾರು ನೇರಕ್ಕೇ ಹೋಗಿ ಬಾವುಟದ ಕಂಬಕ್ಕೆ ತಾಗಿತು. ಸಸ್ಪೆನ್ಷನ್ ತೊಂದರೆಯಾ?
– ಮೈಸೂರಿನ ಓದುಗರು

ಉತ್ತರ: ಸಸ್ಪೆನ್ಷನ್ ಒಮ್ಮೆ ತೋರಿಸಿ, ಆದರೆ ನೀವು ಹೇಳೋದು ಕೇಳಿದರೆ ವೇಗ ಜಾಸ್ತಿಯಾಗಿ ಒಳಗೆ ಹೋಗಿದ್ದೀರಿ ಅನ್ನಿಸುತ್ತದೆ. ಮುಂದಿನ ಚಕ್ರ ಜಾರಲು ಶುರುವಾದ ಮೇಲೆ ಸ್ಟಿಯರಿಂಗ್ ಎಷ್ಟು ತಿರುಗಿಸಿದರೂ ಪ್ರಯೋಜನ ಇಲ್ಲ, ಟೈರ್ ಅಡ್ಡ ನಿಂತು ಮಣ್ಣು ತಳ್ಳುತ್ತದೆ ಅಷ್ಟೇ. ಆಗ ಸ್ಟಿಯರಿಂಗ್ ಸ್ವಲ್ಪ ನೇರಕ್ಕೆ ತಂದು, ಆಕ್ಸಿಲರೇಟರ್ ಬಿಡಿ. ಭಾರ ಮುಂದಕ್ಕೆ ಬಂದು ಚಕ್ರ ಮತ್ತೆ ನೆಲ ಕಚ್ಚುತ್ತದೆ.

ಬ್ರೇಕ್ ಕೆಲಸ ಕಾರು ನೇರ ಇರುವಾಗಲೇ ಮುಗಿಸಿ. ತಿರುವಿಗೆ ಇಳಿಯುವಾಗ ಕಾಲನ್ನು ಒಮ್ಮೆಲೇ ಕಿತ್ತುಕೊಳ್ಳದೆ ನಿಧಾನಕ್ಕೆ ಬಿಡುತ್ತಾ ಹೋಗಿ. ಮೂತಿ ಒಳಗೆ ತಿರುಗಿ ಹೊರದಾರಿ ಕಾಣುವವರೆಗೆ ಆಕ್ಸಿಲರೇಟರ್ ಕಡೆ ಹೋಗಬೇಡಿ. ಆ ಅರ್ಧ ಸೆಕೆಂಡ್ ಕಾಯೋದೇ ಅತಿ ಕಷ್ಟದ ಕೆಲಸ, ಚೆನ್ನಾಗಿ ಓಡಿಸುವವರು ಮುಂದೆ ಹೋಗೋದೂ ಅಲ್ಲೇ.

ಹ್ಯಾಂಡ್‌ಬ್ರೇಕ್ ಹೇರ್‌ಪಿನ್‌ಗೆ ಮಾತ್ರ. ಮೊದಲು ಸ್ಟಿಯರಿಂಗ್ ತಿರುಗಿಸಿ, ಕ್ಲಚ್ ಒತ್ತಿ, ಬಟನ್ ಹಿಡಿದೇ ಒಮ್ಮೆ ಜೋರಾಗಿ ಎಳೆದು ಬಿಡಿ. ಉದ್ದಕ್ಕೆ ಎಳೆದು ಹಿಡಿದರೆ ಕಾರು ನಿಂತೇ ಹೋಗುತ್ತದೆ. ಎಡಗಾಲಿನ ಬ್ರೇಕ್ ಆಮೇಲೆ ಕಲಿಯಿರಿ, ಖಾಲಿ ಮೈದಾನದಲ್ಲಿ ನಿಧಾನಕ್ಕೆ, ಯಾಕೆಂದರೆ ಕ್ಲಚ್ ಒತ್ತಿ ರೂಢಿಯಾದ ಎಡಗಾಲು ಶುರುವಿನಲ್ಲಿ ಬ್ರೇಕನ್ನೂ ಅಷ್ಟೇ ಜೋರಾಗಿ ಒತ್ತುತ್ತದೆ. ಬಿಡುವಿದ್ದಾಗ ಟ್ರ್ಯಾಕ್ ನಡೆದು ನೋಡಿ. ನಿಮ್ಮ ಮೈಸೂರಿನ ಲಲಿತಮಹಲ್ ಹೆಲಿಪ್ಯಾಡ್ ಮೈದಾನದಂಥ ಬಯಲಲ್ಲಿ ಕಾರಿನೊಳಗಿಂದ ಎಲ್ಲ ಬಾವುಟವೂ ಒಂದೇ ಥರ ಕಾಣುತ್ತವೆ. ದಾರಿ ತಪ್ಪಿದರೆ ಎಷ್ಟು ಜೋರಾಗಿ ಓಡಿಸಿದರೂ ಪೆನಾಲ್ಟಿ ಬೀಳುತ್ತದೆ.

ಪ್ರಶ್ನೆ: ಸೈಲೆನ್ಸರ್, ಸಸ್ಪೆನ್ಷನ್ ಬದಲಿಸಿದ ಕಾರನ್ನು ಸ್ಪರ್ಧೆಯ ಜಾಗದವರೆಗೆ ರಸ್ತೆಯಲ್ಲೇ ಓಡಿಸಿಕೊಂಡು ಹೋಗಬಹುದಾ? ಏನಾದರೂ ಆದರೆ ಇನ್ಶೂರೆನ್ಸ್ ಬರುತ್ತಾ?
– ಶಿವಮೊಗ್ಗದ ಓದುಗರು

ಉತ್ತರ: ಬೇಡ, ಕಾರನ್ನು ಬೇರೆ ಗಾಡಿಯ ಮೇಲೆ ಹೇರಿಸಿ ಅಥವಾ ಟೋ ಮಾಡಿಸಿ ಕಳಿಸಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಮೊದಲು ಹೇಳಿದ್ದಕ್ಕಿಂತ ಬೇರೆ ಆಗುವ ಹಾಗೆ ಕಾರನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ, ಒಪ್ಪಿಗೆ ಇಲ್ಲದೆ ಮಾಡಿದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಅಂತ ಸೇರಿಸಿದ್ದಾರೆ. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡೋದು 189ನೇ ಸೆಕ್ಷನ್‌ನಲ್ಲಿ ಬೇರೆಯದೇ ಅಪರಾಧ. ರಾತ್ರಿ ರಿಂಗ್ ರೋಡಿನಲ್ಲಿ ಪ್ರಾಕ್ಟೀಸ್ ಮಾಡ್ತೀನಿ ಅನ್ನುವ ಗೆಳೆಯರಿದ್ದರೆ ದಯವಿಟ್ಟು ತಡೆಯಿರಿ. ಅಲ್ಲಿ ಸಾಯೋದು ಹಾಲು ತರಲು ಹೋದ ಯಾರೋ ಆಗಿರಬಹುದು.

ಮಾಮೂಲಿ ಕಾರ್ ಪಾಲಿಸಿಯಲ್ಲಿ ಸಂಘಟಿತ ರೇಸ್, ಸ್ಪೀಡ್ ಟೆಸ್ಟ್ ಹೊರಗಿಟ್ಟಿರುತ್ತಾರೆ. ಟ್ರ್ಯಾಕ್‌ನಲ್ಲಿ ಆದ ಡ್ಯಾಮೇಜ್ ನಿಮ್ಮ ಜೇಬಿನದೇ. ದೇಶದಲ್ಲಿ ಮೋಟಾರ್ ಸ್ಪೋರ್ಟ್ ನೋಡಿಕೊಳ್ಳುವ ಎಫ್‌ಎಂಎಸ್‌ಸಿಐ ಒಪ್ಪಿಗೆ ಇರುವ ಸ್ಪರ್ಧೆಗೇ ಹೋಗಿ. ಅದರ ಸ್ಪರ್ಧಾ ಲೈಸೆನ್ಸ್ ಬೇರೆ ಮಾಡಿಸಬೇಕು. ಸ್ಪರ್ಧಿಗಳ ವಿಮೆ ಬಗ್ಗೆ ಫಾರ್ಮ್ ತುಂಬುವ ಮೊದಲೇ ಆಯೋಜಕರನ್ನು ಕೇಳಿ, ಬಾಯಿ ಮಾತು ಬೇಡ, ಕಾಗದದಲ್ಲಿ ತೋರಿಸಲಿ.

ಪ್ರಶ್ನೆ: ರೋಲ್ ಕೇಜ್‌ಗೆ (ಪಲ್ಟಿಯಾದಾಗ ಕಾಪಾಡುವ, ಕಾರಿನೊಳಗಿನ ಪೈಪಿನ ಚೌಕಟ್ಟು) ಬಜೆಟ್ ಇಲ್ಲ. ನಾಲ್ಕು ಪಾಯಿಂಟ್ ರೇಸ್ ಬೆಲ್ಟ್ ಮಾತ್ರ ಹಾಕಿಸಿದರೆ ಸಾಕಾ?
– ಉಡುಪಿಯ ಓದುಗರು

ಉತ್ತರ: ಬೇಡ. ರೇಸ್ ಬೆಲ್ಟ್ ನಿಮ್ಮನ್ನು ನೆಟ್ಟಗೆ ಕೂರಿಸಿ ಕಟ್ಟಿಹಾಕುತ್ತದೆ. ಕಾರು ಪಲ್ಟಿಯಾಗಿ ಚಾವಣಿ ಒಳಗೆ ಬಂದರೆ ತಲೆ ಪಕ್ಕಕ್ಕೆ ಸರಿಯಲು ಜಾಗವೇ ಇರೋದಿಲ್ಲ. ಕೇಜ್, ಸರಿಯಾಗಿ ಬೋಲ್ಟ್ ಮಾಡಿದ ಸೀಟ್, ಬೆಲ್ಟ್, ಹೆಲ್ಮೆಟ್ ಈ ನಾಲ್ಕೂ ಒಟ್ಟಿಗೇ ಬರಬೇಕು. ಕೇಜ್ ಇಲ್ಲದೆ ಓಡಿಸಲು ನಿಮ್ಮ ಕ್ಲಾಸಿನಲ್ಲಿ ಬಿಡುತ್ತಾರಾ ಅಂತ ನಿಯಮ ಪತ್ರದಲ್ಲಿ ನೋಡಿ. ಬಿಟ್ಟರೆ ಕಂಪನಿಯ ಮೂರು ಪಾಯಿಂಟ್ ಬೆಲ್ಟನ್ನೇ ಹೊಸದು ಹಾಕಿಸಿ, ಒಳ್ಳೆ ಪೂರ್ತಿ ಮುಖದ ಹೆಲ್ಮೆಟ್ ತಗೊಳ್ಳಿ. ಬಿಡದಿದ್ದರೆ ಕೇಜ್‌ಗೆ ದುಡ್ಡು ಸೇರುವವರೆಗೆ ಟೈಮ್‌ಕೀಪಿಂಗ್, ಮಾರ್ಷಲ್ ಕೆಲಸಕ್ಕೆ ಹೋಗಿ ನಿಂತುಕೊಳ್ಳಿ. ಯಾರು ಎಲ್ಲಿ ಬ್ರೇಕ್ ಹಾಕುತ್ತಾರೆ, ಎಲ್ಲಿ ಜಾರುತ್ತಾರೆ ಅನ್ನೋದು ಅಲ್ಲಿ ದಿನವಿಡೀ ಹತ್ತಿರದಿಂದ ನೋಡಲು ಸಿಗುತ್ತದೆ.