ಪೊಟರೆ ಬಿದ್ದ ಹಳೆಯ ಹುಣಸೆ ಮರವನ್ನು ಕಡಿಸಬೇಕೆ, ಉಳಿಸಿಕೊಳ್ಳಬೇಕೆ?

ನೀವು ಬರೆದಿರುವುದು ಇಷ್ಟು: ಮನೆಯ ಮುಂದೆ ಮುತ್ತಜ್ಜನ ಕಾಲದ ಹುಣಸೆ ಮರವಿದೆ, ಬುಡದ ಪೊಟರೆಯೊಳಗೆ ಒಂದು ಮಗು ಕುಳಿತುಕೊಳ್ಳಬಹುದು, ಎರಡು ವರ್ಷಗಳಿಂದ ತುದಿಗಳು ಒಣಗುತ್ತಿವೆ, ಕಳೆದ ಮಳೆಗಾಲದಲ್ಲಿ ದೊಡ್ಡ ಕೊಂಬೆಯೊಂದು ಮುರಿದು ಬಿತ್ತು. ಅಣ್ಣನವರು ಕಡಿಸೋಣ ಎನ್ನುತ್ತಾರೆ, ತಾಯಿಯವರು ಪೊಟರೆಗೆ ಸಿಮೆಂಟ್ ತುಂಬಿಸೋಣ ಎನ್ನುತ್ತಾರೆ. ನಾಲ್ಕು ವರ್ಷಗಳ ಹಿಂದೆ ಅಂಗಳಕ್ಕೆಲ್ಲ ಕಾಂಕ್ರೀಟ್ ಹಾಕಿಸಿದ್ದನ್ನು ಮಾತ್ರ ಕೊನೆಯಲ್ಲಿ ಒಂದೇ ಸಾಲಿನಲ್ಲಿ ಹೇಳಿದ್ದೀರಿ. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಆ ಸಾಲು. ನಾನು ಸಸ್ಯವಿಜ್ಞಾನಿಯಲ್ಲ, ಇಂಥದೇ ಒಂದು ಹುಣಸೆಯನ್ನು ಹನ್ನೆರಡು ವರ್ಷಗಳಿಂದ ನೋಡಿಕೊಳ್ಳುತ್ತಿರುವವನು.

ಸಿಮೆಂಟ್ ಖಂಡಿತ ಬೇಡ. ನಮ್ಮ ಮರದ ಪೊಟರೆಗೆ ನಮ್ಮ ತಂದೆಯವರು ಎಂಟು ಬಾಂಡ್ಲಿ ಕಾಂಕ್ರೀಟ್ ತುಂಬಿಸಿ, ಮೇಲೆ ನುಣ್ಣಗೆ ಗಾರೆ ಮಾಡಿಸಿದ್ದರು. ಗಾಳಿಗೆ ಮರ ಬಾಗುತ್ತದೆ, ಕಾಂಕ್ರೀಟ್ ಬಾಗುವುದಿಲ್ಲ. ಎರಡರ ನಡುವೆ ಬಿಟ್ಟ ಬಿರುಕಿನಲ್ಲಿ ಮಳೆ ನೀರು ಇಳಿದು ಅಲ್ಲಿಯೇ ನಿಂತಿತ್ತು. ಮುಂದೆ ಅದನ್ನು ಒಡೆಸಿದಾಗ ಹಿಂದಿನ ಮರ ನೆನೆದ ರಸ್ಕಿನಂತೆ ಬೆರಳಿಗೆ ಪುಡಿಯಾಗಿ ಬಂದಿತು. ಕಡಿದ ಗಾಯಕ್ಕೆ ಡಾಂಬರು ಬಳಿಯುವುದೂ ಹೀಗೆಯೇ, ತೇವವನ್ನು ಒಳಗೆ ಕೂಡಿಹಾಕುವ ಕೆಲಸ. ಮರದ ಗಾಯ ನಮ್ಮ ಗಾಯದಂತೆ ಮಾಯುವುದಿಲ್ಲ. ಮರವು ಕೊಳೆತ ಭಾಗವನ್ನು ಅಲ್ಲಿಯೇ ಬಿಟ್ಟು, ಅದರ ಸುತ್ತ ಒಳಗೊಳಗೇ ತಡೆಗೋಡೆ ಕಟ್ಟಿಕೊಂಡು, ಹೊರಗಡೆ ಹೊಸ ಮರವನ್ನು ಬೆಳೆಸುತ್ತದೆ. ನಾವು ಪೊಟರೆಯನ್ನು ಕೆರೆದು ಸ್ವಚ್ಛ ಮಾಡಲು ಹೋದರೆ ಆ ಗೋಡೆಯನ್ನೇ ಒಡೆಯುತ್ತೇವೆ.

ಪೊಟರೆ ಬಿದ್ದ ಮಾತ್ರಕ್ಕೆ ಮರ ಸಾಯುತ್ತಿದೆ ಎಂದು ತೀರ್ಮಾನಿಸಬೇಡಿ. ಚೇಗು, ಅಂದರೆ ಕಾಂಡದ ನಟ್ಟನಡುವಿನ ಹಳೆಯ ಮರ, ಮೊದಲೇ ಜೀವವಿಲ್ಲದ ಭಾಗ; ನೀರು ಏರುವುದು ತೊಗಟೆಯ ಒಳಗಿನ ಹಸಿ ಮರದಲ್ಲಿ. 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾದ ದೇವನಹಳ್ಳಿ ಬಳಿಯ ನಲ್ಲೂರು ಹುಣಸೆ ತೋಪಿಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿ ಒಳಗೆಲ್ಲ ಟೊಳ್ಳಾಗಿ, ಸೀಳಿ, ತಿರುಚಿಕೊಂಡ ಮರಗಳು ಹಸಿರಾಗಿಯೇ ನಿಂತಿವೆ. (ಹುಣಸೆ ಮುಪ್ಪಾದರೂ ಹುಳಿಗೆ ಮುಪ್ಪಿಲ್ಲ ಎಂಬ ಗಾದೆಯನ್ನು ನಿಮ್ಮ ತಾಯಿಯವರೂ ಹೇಳಿರಬಹುದು.) ಮರದ ಸುತ್ತಿಗೆಯಿಂದ ಕಾಂಡವನ್ನು ಸುತ್ತಲೂ ಬಡಿಯುತ್ತಾ ಹೋಗಿ, ಶಬ್ದ ಡೊಳ್ಳಿನಂತೆ ಬದಲಾಗುವ ಕಡೆ ಸೀಮೆಸುಣ್ಣದಿಂದ ಗುರುತು ಹಾಕಿ, ಪೊಟರೆಯ ಒಳಗಿನಿಂದ ತೆಳುವಾದ ಕಬ್ಬಿಣದ ಸರಳನ್ನು ಒತ್ತಿ, ಗಟ್ಟಿ ಮರ ಎಲ್ಲಿಂದ ಆರಂಭವಾಗುತ್ತದೆ ಎಂದು ನೋಡಿ. ಗಟ್ಟಿ ಗೋಡೆಯ ದಪ್ಪ ಕಾಂಡದ ತ್ರಿಜ್ಯದ ಮೂರನೆಯ ಒಂದರಷ್ಟಾದರೂ ಇರಬೇಕೆಂಬುದು ಬಳಕೆಯಲ್ಲಿರುವ ಒಂದು ಅಂದಾಜು. ನಾಲ್ಕು ಅಡಿ ಅಗಲದ ಕಾಂಡಕ್ಕೆ ಅದು ಸುಮಾರು ಎಂಟು ಇಂಚು. ಪೊಟರೆಯ ಬಾಯಿ ಅಗಲವಾಗಿದ್ದರೆ ಇನ್ನೂ ಹೆಚ್ಚು ಬೇಕು. ಎತ್ತರ ತಗ್ಗಿಸಿದ ಮರಕ್ಕೆ ಕಡಿಮೆಯಿದ್ದರೂ ನಡೆದೀತು.

ನಾನು ಹೆಚ್ಚು ಹೆದರುವುದು ಬೇರಿನ ಕೊಳೆತಕ್ಕೆ. ಬುಡದಲ್ಲಿ ಹಲಗೆಯಷ್ಟು ಗಟ್ಟಿಯಾದ ಅಣಬೆ ಎದ್ದು, ಸುತ್ತ ಕೋಕೋ ಪುಡಿಯಂತಹ ಕಂದು ಧೂಳು ಬಿದ್ದಿದ್ದರೆ ಅದು ಗ್ಯಾನೊಡರ್ಮ ಇರಬಹುದು; ತೆಂಗು ಬೆಳೆಯುವವರಿಗೆ ಅಣಬೆ ರೋಗವೆಂದು ಪರಿಚಿತವಾದದ್ದು ಇದೇ ಕುಲದ ಶಿಲೀಂಧ್ರದಿಂದ ಬರುವಂಥದು. ಅದರ ಜೊತೆಗೆ ಮರ ಹೊಸದಾಗಿ ವಾಲಿದ್ದರೆ, ವಾಲಿದ ದಿಕ್ಕಿನ ಎದುರು ಬದಿಯಲ್ಲಿ ನೆಲ ಬಿರಿದು ಉಬ್ಬಿದ್ದರೆ, ಮನೆಯ ಮುಂದೆ ಅಂತಹ ಮರವನ್ನು ಉಳಿಸಿಕೊಳ್ಳಲು ನಾನು ಹೇಳುವುದಿಲ್ಲ. ನಿಮ್ಮ ಅಣ್ಣನವರ ಮಾತೇ ಸರಿ.

ಅಂಥ ಲಕ್ಷಣಗಳಿಲ್ಲದಿದ್ದರೆ ಮೊದಲ ಕೆಲಸ ಅಂಗಳದ್ದು. ನೆಲಕ್ಕೆ ಕಾಂಕ್ರೀಟ್ ಬಿದ್ದರೆ ಬೇರಿಗೆ ನೀರೂ ಗಾಳಿಯೂ ತಪ್ಪುತ್ತವೆ, ಎರಡು ಮೂರು ವರ್ಷಗಳಲ್ಲಿ ತುದಿಗಳು ಒಣಗತೊಡಗುತ್ತವೆ. ನಿಮ್ಮ ಲೆಕ್ಕ ಇದಕ್ಕೆ ಸರಿಯಾಗಿ ಹೊಂದುತ್ತದೆ. ಕೊಂಬೆಗಳು ಹರಡಿರುವಷ್ಟು ಅಗಲಕ್ಕೆ, ಆಗದಿದ್ದರೆ ಅದರ ಅರ್ಧಕ್ಕಾದರೂ, ಕಾಂಕ್ರೀಟನ್ನು ಕೈಯಿಂದಲೇ ಒಡೆಸಿ, ಏಕೆಂದರೆ ಜೆಸಿಬಿ ಬಂದರೆ ಬೇರೂ ಕಿತ್ತುಬರುತ್ತದೆ. ಬಳಿಕ ನಾಲ್ಕು ಇಂಚು ದರಗು ಹರಡಿ, ಕಾಂಡಕ್ಕೆ ತಾಗದಂತೆ ಒಂದಡಿ ಬಿಡಿ.

ಎರಡನೆಯದು ಭಾರ ಇಳಿಸುವುದು. ಕೊಲ್ಕತ್ತ ಬಳಿಯ ಹೌರಾದ ಸಸ್ಯೋದ್ಯಾನದ ದೊಡ್ಡ ಆಲದ ಕೊಳೆತ ಮೂಲಕಾಂಡವನ್ನು 1925ರಲ್ಲಿ ತೆಗೆದುಹಾಕಿದರೂ ಮರ ಬಿಳಲುಗಳ ಮೇಲೆ ಬದುಕಿದೆ. ಹುಣಸೆಗೆ ಬಿಳಲಿಲ್ಲ, ಇರುವ ಒಂದೇ ಕಾಂಡದ ಮೇಲಿನ ಹೊರೆಯನ್ನು ತಗ್ಗಿಸಬೇಕು. ವಯಸ್ಸಾದ ಮರ ತಾನಾಗಿಯೇ ಮೇಲಿನದನ್ನು ಬಿಟ್ಟುಕೊಟ್ಟು ಕೆಳಗೆ ಚಿಗುರುತ್ತದೆ, ನಾವು ಅದನ್ನೇ ಅನುಸರಿಸಿದರೆ ಸಾಕು. ಹಣ್ಣು ಬಡಿದಾದ ಮೇಲೆ, ಮುಂಗಾರಿಗೆ ಮುಂಚಿನ ಬಿರುಗಾಳಿ ಏಳುವ ಮೊದಲು, ಉದ್ದನೆಯ ಕೊಂಬೆಗಳ ತುದಿಯನ್ನು ಮಾತ್ರ, ಕೆಳಗೊಂದು ಜೀವಂತ ರೆಂಬೆ ಉಳಿಯುವಂತೆ ಕಡಿಸಿ. ಒಂದು ಸಲಕ್ಕೆ ಸೊಪ್ಪಿನ ಹತ್ತರಲ್ಲಿ ಒಂದೆರಡು ಪಾಲಿಗಿಂತ ಹೆಚ್ಚು ಹೋಗಬಾರದು, ಮುಂದಿನ ಸರದಿಗೆ ಎರಡು ವರ್ಷ ಕಾಯಿರಿ. ತಲೆ ಬೋಳಿಸುವ ಗುತ್ತಿಗೆದಾರರು ಒಂದೇ ದಿನದಲ್ಲಿ ಮುಗಿಸಿಕೊಡುತ್ತೇವೆ ಎನ್ನುತ್ತಾರೆ, ಒಪ್ಪಬೇಡಿ. ನಮ್ಮ ಮರ ಮೂರು ಸರದಿಯಲ್ಲಿ ಹದಿನೈದು ಅಡಿ ತಗ್ಗಿತು. ಪೊಟರೆಯಲ್ಲಿ ಈಗ ಹಾಲಕ್ಕಿಗಳ ಜೋಡಿಯೊಂದಿದೆ.

ಮರದ ಕೆಳಗೆ ಏನಿದೆ ಎಂಬುದೂ ತೀರ್ಮಾನದ ಭಾಗ. ಕಾರಿನ ಜಾಗವನ್ನೂ ಮಕ್ಕಳ ಉಯ್ಯಾಲೆಯನ್ನೂ ಬೇರೆಡೆಗೆ ಸಾಗಿಸಲು ಒಂದು ಬೆಳಗು ಸಾಕು. ಕಡಿಸುವುದೇ ಆದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಬೇಕೇ ಎಂದು ವೃಕ್ಷಾಧಿಕಾರಿಯವರನ್ನು ಮೊದಲೇ ಕೇಳಿ. ಕಾಂಡದಲ್ಲಿ ಸೀಳಿದ್ದರೆ ಅದರ ಎರಡೂ ಬದಿಗೆ ಒಂದೊಂದು ಸಣ್ಣ ಮೊಳೆ ಹೊಡೆದು, ನಡುವಿನ ಅಂತರವನ್ನು ಅಳೆದು ತಿಂಗಳಿಗೊಮ್ಮೆ ಬರೆದಿಡಿ. ಒಂದು ಮಳೆಗಾಲ ಕಳೆದ ಮೇಲೆ ಆ ಅಂಕಿಗಳನ್ನು ಇಲ್ಲಿ ಹಾಕಿದರೆ ಮುಂದಿನದನ್ನು ನೋಡೋಣ.